ಗುರಾಣಿ ಓದುವವರ ಸಂಘಕ್ಕೆ ಸೇರುವುದು ಹೇಗೆ? ಕುಲಲಾಂಛನದ ಆಸಕ್ತರಿಗೊಂದು ಸಮಗ್ರ ಮಾರ್ಗದರ್ಶಿ

ಹಳೇ ಗೋವಾದ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿನ ಒಳಗೆ ಹೋದವರೆಲ್ಲ ತಲೆ ಎತ್ತಿ ಎದುರಿನ ಬಂಗಾರದ ಪೀಠ ನೋಡುತ್ತಾರೆ. ಮುಂದಿನ ಸಲ ಹೋದಾಗ ತಲೆ ತಗ್ಗಿಸಿ ನೋಡಿ. ನೆಲದ ತುಂಬ ಸಮಾಧಿ ಕಲ್ಲುಗಳಿವೆ. ನೂರಾರು ವರ್ಷ ಜನ ನಡೆದು ನಡೆದು ಅಕ್ಷರ ಸವೆದಿವೆ. ಆದರೂ ಎಷ್ಟೋ ಕಲ್ಲುಗಳಲ್ಲಿ ಒಂದು ಗುರಾಣಿ, ಅದರ ಮೇಲೊಂದು ಶಿರಸ್ತ್ರಾಣ, ಅಕ್ಕಪಕ್ಕ ಬಳ್ಳಿಯ ಹಾಗೆ ಹರಡಿಕೊಂಡ ಬಟ್ಟೆಯ ಸುರುಳಿ ಇನ್ನೂ ಕಾಣುತ್ತವೆ. ನಾನು ಮೊದಲ ಸಲ ಅಲ್ಲಿ ಮಂಡಿಯೂರಿ ಕೂತು ಒಂದು ಗುರಾಣಿಯ ಮೇಲೆ ಬೆರಳಾಡಿಸಿದಾಗ ಅದು ಬರೀ ಅಲಂಕಾರ ಅಂದುಕೊಂಡಿದ್ದೆ. ಅದನ್ನು ಓದಬಹುದು ಅಂತ ಗೊತ್ತಾಗಿದ್ದು ಆಮೇಲೆ.

ಈ ಓದುವ ವಿದ್ಯೆಯೇ ಹೆರಾಲ್ಡ್ರಿ. ಕನ್ನಡದಲ್ಲಿ ಲಾಂಛನಶಾಸ್ತ್ರ ಅನ್ನಬಹುದು. ಗುರಾಣಿಯ ಮೇಲಿನ ಚಿತ್ರಕ್ಕೆ ಕೋಟ್ ಆಫ್ ಆರ್ಮ್ಸ್ ಅಂತಾರೆ, ನಮ್ಮ ಮಾತಿನಲ್ಲಿ ಕುಲಲಾಂಛನ. ಇದನ್ನು ಪ್ರೀತಿಯಿಂದ ಕಲಿಯುವ ಖಾಸಗಿ ಸಂಘಗಳು ಯುರೋಪ್, ಕೆನಡಾ, ಅಮೆರಿಕಗಳಲ್ಲಿ ಬಹಳ ಕಾಲದಿಂದ ಇವೆ. ಇಂಥ ಸಂಘಕ್ಕೆ ಸೇರುವುದು ಹೇಗೆ, ಸೇರಿದ ಮೇಲೆ ಏನು ಮಾಡಬೇಕು, ಎಲ್ಲಿ ಮೋಸ ಹೋಗಬಾರದು ಅಂತ ಇಲ್ಲಿ ಬರೆದಿದ್ದೇನೆ. ಸದಸ್ಯರಾಗಲು ನಿಮ್ಮ ಮನೆತನಕ್ಕೆ ಲಾಂಛನ ಇರಬೇಕಿಲ್ಲ. ಆದರೆ ನೀವೇ ಓದಿದ ಒಂದು ಗುರಾಣಿ ಕೈಯಲ್ಲಿದ್ದರೆ ತುಂಬ ಒಳ್ಳೇದು. ಅದಕ್ಕೇ ಈ ಬರಹದಲ್ಲಿ ಓದುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ಲಾಂಛನ ಕೊಡುವ ಕಚೇರಿ ಬೇರೆ, ಲಾಂಛನದ ಆಸಕ್ತರ ಸಂಘ ಬೇರೆ. ಹೊಸಬರು ಎಡವುವುದೇ ಇಲ್ಲಿ.

ಇಂಗ್ಲೆಂಡಿನಲ್ಲಿ ಲಾಂಛನ ಕೊಡುವ ಅಧಿಕಾರ ಕಾಲೇಜ್ ಆಫ್ ಆರ್ಮ್ಸ್‌ನದು. 1484ರಲ್ಲಿ ಮೂರನೇ ರಿಚರ್ಡ್ ಇದಕ್ಕೆ ಮೊದಲ ಸನ್ನದು ಕೊಟ್ಟ. ಈಗ ಲಂಡನ್ನಿನ ಕ್ವೀನ್ ವಿಕ್ಟೋರಿಯಾ ಸ್ಟ್ರೀಟಿನಲ್ಲಿದೆ. ಹೆಸರು ಕಾಲೇಜು ಅಂತಿದ್ದರೂ ಪಾಠ ಹೇಳುವ ಜಾಗ ಅಲ್ಲ. ಅಲ್ಲಿ 13 ಜನ ಕಾಯಂ ಅಧಿಕಾರಿಗಳಿದ್ದಾರೆ: ದೊಡ್ಡ ಹುದ್ದೆಯಿಂದ ಚಿಕ್ಕದಕ್ಕೆ ಮೂವರು ಕಿಂಗ್ ಆಫ್ ಆರ್ಮ್ಸ್, ಆರು ಹೆರಾಲ್ಡ್‌ಗಳು, ನಾಲ್ವರು ಪರ್ಸಿವೆಂಟ್‌ಗಳು. ಸ್ಕಾಟ್ಲೆಂಡಿನಲ್ಲಿ ಈ ಕೆಲಸ ಲಾರ್ಡ್ ಲಯನ್ ಅನ್ನುವ ಅಧಿಕಾರಿಯದು. ಅವರ ಕಚೇರಿ ನಿಜವಾದ ನ್ಯಾಯಾಲಯವೇ, ಎಡಿನ್‌ಬರೋದಲ್ಲಿದೆ. 1672ರ ಕಾಯ್ದೆಯ ಪ್ರಕಾರ ಅಲ್ಲಿ ನೋಂದಣಿಯಾಗದ ಲಾಂಛನ ಬಳಸುವುದು ಅಪರಾಧ. ಕೆನಡಾದಲ್ಲಿ 1988ರ ಜೂನ್ 4ರಿಂದ ಅಲ್ಲಿಯದೇ ಸರ್ಕಾರಿ ಪ್ರಾಧಿಕಾರ ಇದೆ.

ಭಾರತದಲ್ಲಿ ವ್ಯಕ್ತಿಗಳಿಗೆ ಲಾಂಛನ ಕೊಡುವ ಸರ್ಕಾರಿ ಕಚೇರಿ ಇಲ್ಲ.

ಖಾಸಗಿ ಸಂಘ ಇದ್ಯಾವುದನ್ನೂ ಮಾಡುವುದಿಲ್ಲ. ಅದು ಉಪನ್ಯಾಸ ನಡೆಸುತ್ತೆ, ಪತ್ರಿಕೆ ತರುತ್ತೆ, ಹಳೇ ಚರ್ಚು ಕೋಟೆಗಳಿಗೆ ಕರೆದುಕೊಂಡು ಹೋಗುತ್ತೆ, ಪರೀಕ್ಷೆ ಮಾಡುತ್ತೆ. ಇಂಗ್ಲೆಂಡಿನ ಹೆರಾಲ್ಡ್ರಿ ಸೊಸೈಟಿಯನ್ನೇ ತಗೊಳ್ಳಿ. 1947ರಲ್ಲಿ ಅದನ್ನು ಕಟ್ಟಿದ ಜಾನ್ ಬ್ರೂಕ್-ಲಿಟಲ್‌ಗೆ ಆಗ ಇಪ್ಪತ್ತರ ಆಸುಪಾಸು. ಯಾವ ಹುದ್ದೆಯೂ ಇರಲಿಲ್ಲ. 1950ರಲ್ಲಿ ಸಂಘಕ್ಕೆ ಈಗಿನ ಹೆಸರು ಬಂತು. ಅದೇ ವರ್ಷ ‘ದಿ ಕೋಟ್ ಆಫ್ ಆರ್ಮ್ಸ್’ ಪತ್ರಿಕೆಯೂ ಶುರುವಾಯ್ತು. ಆ ಹುಡುಗ ಮುಂದೆ ಕಾಲೇಜ್ ಆಫ್ ಆರ್ಮ್ಸ್ ಸೇರಿ ಕ್ಲಾರೆನ್ಸ್ಯೂ ಕಿಂಗ್ ಆಫ್ ಆರ್ಮ್ಸ್ ಹುದ್ದೆಯವರೆಗೂ ಹೋದರು. ಆಸಕ್ತಿ ಒಂದೇ ಬಂಡವಾಳವಾಗಿ ಶುರುವಾದ ಸಂಘ ಅದು.

ಹೆಜ್ಜೆ 1: ಸೇರುವ ಮೊದಲು ಓದಲು ಕಲಿಯಿರಿ

ಚಂದಾ ಕಟ್ಟುವುದಕ್ಕೆ ಅವಸರ ಬೇಡ. ಒಂದು ತಿಂಗಳು ಈ ಭಾಷೆಗೆ ಕೊಡಿ. ಲಾಂಛನವನ್ನು ಮಾತಿನಲ್ಲಿ ಹೇಳುವ ಕ್ರಮಕ್ಕೆ ಬ್ಲೇಜನ್ ಅಂತಾರೆ. ಲಾಂಛನದ ಜೀವ ಇರುವುದು ಈ ಮಾತಿನಲ್ಲಿ, ಚಿತ್ರದಲ್ಲಲ್ಲ. ಒಂದೇ ಬ್ಲೇಜನ್ ಕೊಟ್ಟರೆ ಹತ್ತು ಜನ ಕಲಾವಿದರು ಹತ್ತು ಥರ ಬರೆಯಬಹುದು, ಹತ್ತೂ ಸರಿಯೇ. ನಮಗೆ ಇದು ಹೊಸದಲ್ಲ. ಕದಂಬರ ಶಾಸನಗಳಲ್ಲಿ ‘ಸಿಂಹಲಾಂಛನ’, ‘ವಾನರಧ್ವಜ’ ಅನ್ನುವ ಮಾತು ಬರುತ್ತೆ. ಚಾಲುಕ್ಯರ ಶಾಸನಗಳಲ್ಲಿ ‘ವರಾಹಲಾಂಛನ’ ಬರುತ್ತೆ. ಚಿತ್ರ ಕಣ್ಣಿಗೆ ಬೀಳದಿದ್ದರೂ ಮಾತು ಕೇಳಿದರೆ ಸಾಕು, ಯಾವ ಮನೆತನ ಅಂತ ತಿಳಿಯುತ್ತಿತ್ತು.

ಮೊದಲು ಬಣ್ಣ ಕಲಿಯಿರಿ. ಹೆಸರುಗಳು ಹಳೇ ಫ್ರೆಂಚಿನಿಂದ ಬಂದವು. ಎರಡು ಲೋಹ: ಓರ್ ಅಂದರೆ ಚಿನ್ನ, ಹಳದಿಯೂ ಇದೇ. ಆರ್ಜೆಂಟ್ ಅಂದರೆ ಬೆಳ್ಳಿ, ಬಿಳಿಯೂ ಇದೇ. ಐದು ಬಣ್ಣ: ಗ್ಯೂಲ್ಸ್ ಕೆಂಪು, ಅಜ್ಯೂರ್ ನೀಲಿ, ಸೇಬಲ್ ಕಪ್ಪು, ವರ್ಟ್ ಹಸಿರು, ಪರ್ಪ್ಯೂರ್ ನೇರಳೆ. ಇದರ ಜೊತೆ ಅರ್ಮಿನ್, ವೇರ್ ಅಂತ ತುಪ್ಪಳದ ಮಾದರಿಗಳೂ ಇವೆ. ಮುಖ್ಯ ನಿಯಮ ಒಂದೇ: ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ದೂರದಿಂದ ಎದ್ದು ಕಾಣಬೇಕು, ಅಷ್ಟೇ ಕಾರಣ. ನಮ್ಮ ಕನ್ನಡ ಬಾವುಟ ನೆನಪಿಸಿಕೊಳ್ಳಿ. ಅರಿಶಿನ ಲೋಹ, ಕುಂಕುಮ ಬಣ್ಣ. ಜಾತ್ರೆಯ ಆ ತುದಿಯಿಂದಲೂ ಗುರುತು ಸಿಗುತ್ತೆ ಅಲ್ವಾ? ನಿಯಮ ಮುರಿದ ಪ್ರಸಿದ್ಧ ಉದಾಹರಣೆ ಜೆರುಸಲೇಂ ರಾಜ್ಯದ ಲಾಂಛನ. ಅಲ್ಲಿ ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳಿವೆ.

ಎಡ ಬಲ ಗಮನಿಸಿ. ಗುರಾಣಿ ಹಿಡಿದವನ ಬಲಗಡೆಗೆ ಡೆಕ್ಸ್‌ಟರ್ ಅಂತಾರೆ. ನೋಡುವ ನಮಗೆ ಅದು ಎಡಗಡೆ. ಗುರಾಣಿಯ ಹಿಂದೆ ನೀವೇ ನಿಂತಿದ್ದೀರಿ ಅಂದುಕೊಂಡರೆ ತಪ್ಪಾಗುವುದಿಲ್ಲ.

ಈಗ ಒಂದು ನಿಜವಾದ ಬ್ಲೇಜನ್: ‘ಅಜ್ಯೂರ್, ಎ ಬೆಂಡ್ ಓರ್’. ಮೊದಲು ಹಿನ್ನೆಲೆ ಹೇಳಬೇಕು, ನೀಲಿ. ಆಮೇಲೆ ಅದರ ಮೇಲಿರುವ ವಸ್ತು, ನಮ್ಮ ಎಡ ಮೇಲಿಂದ ಬಲ ಕೆಳಕ್ಕೆ ಇಳಿಯುವ ಅಗಲವಾದ ಪಟ್ಟಿ. ಕೊನೆಗೆ ಅದರ ಬಣ್ಣ, ಚಿನ್ನ. ಮೂರೇ ಮಾತು. ಈ ಮೂರು ಮಾತಿಗಾಗಿ ಸ್ಕ್ರೋಪ್ ಮತ್ತು ಗ್ರೋವ್ನರ್ ಅನ್ನುವ ಇಬ್ಬರು 1385ರಿಂದ 1390ರವರೆಗೆ ವ್ಯಾಜ್ಯ ಆಡಿದರು. ಯುದ್ಧಕ್ಕೆ ಹೋದಾಗ ಇಬ್ಬರ ಗುರಾಣಿಯೂ ಒಂದೇ ಥರ ಇತ್ತು. ಸಾಕ್ಷಿ ಹೇಳಿದವರಲ್ಲಿ ಕವಿ ಚಾಸರ್ ಕೂಡ ಒಬ್ಬ. ಲಾಂಛನ ಉಳಿದಿದ್ದು ಸ್ಕ್ರೋಪ್‌ಗೆ.

ಕ್ರಮ ತಿಳಿದ ಮೇಲೆ ಕರ್ನಾಟಕ ಸರ್ಕಾರದ ಲಾಂಛನದ ಮೇಲೆ ಅಭ್ಯಾಸ ಮಾಡಿ. ಕೆಂಪು ಗುರಾಣಿ, ಅದರ ಮೇಲೆ ಬಿಳಿ ಗಂಡಭೇರುಂಡ. ‘ಗ್ಯೂಲ್ಸ್, ಎ ಗಂಡಭೇರುಂಡ ಆರ್ಜೆಂಟ್’ ಅಂತ ಶುರು ಮಾಡಿ. ಬಣ್ಣದ ಮೇಲೆ ಲೋಹ, ನಿಯಮ ಸರಿಹೋಯ್ತು. ಅಂಚನ್ನೂ ಸೇರಿಸಿ. ಆಮೇಲೆ ಗುರಾಣಿಯ ಮೇಲಿರುವುದು: ಸಾರನಾಥದ ಸಿಂಹಗಳು. ಆಮೇಲೆ ಎರಡೂ ಕಡೆ ಗುರಾಣಿ ಹಿಡಿದು ನಿಂತವು: ಕೆಂಪು ಕೇಸರದ, ಆನೆಯ ಸೊಂಡಿಲಿನ ಹಳದಿ ಸಿಂಹಗಳು. ಇವನ್ನು ಹೆರಾಲ್ಡ್ರಿಯಲ್ಲಿ ಸಪೋರ್ಟರ್ ಅಂತಾರೆ. ನಿಮ್ಮ ಬ್ಲೇಜನ್ನನ್ನು ಈ ಚಿತ್ರ ನೋಡದ ಒಬ್ಬರಿಗೆ ಓದಿ ಹೇಳಿ, ಬರೆಯಲು ಕೊಡಿ. ಅವರು ಬರೆದದ್ದು ಸರಿಯಾಗಿ ಬಂದರೆ ನೀವು ಪಾಸು.

ಕಲ್ಲಿನಲ್ಲಿ, ಬೆಳ್ಳಿ ತಟ್ಟೆಯಲ್ಲಿ, ಕಪ್ಪು ಬಿಳುಪು ಮುದ್ರಣದಲ್ಲಿ ಬಣ್ಣ ಇರುವುದಿಲ್ಲವಲ್ಲ, ಆಗೇನು? 1638ರಲ್ಲಿ ಪೆತ್ರಾ ಸಾಂಕ್ತಾ ಅನ್ನುವ ಜೆಸ್ಯೂಟ್ ಪಾದ್ರಿ ಬಳಕೆಗೆ ತಂದ ಗೆರೆಗಳ ಪದ್ಧತಿಯೇ ಇವತ್ತಿಗೂ ನಡೆಯುತ್ತಿದೆ. ಚುಕ್ಕಿ ಇದ್ದರೆ ಚಿನ್ನ. ಏನೂ ಇಲ್ಲದಿದ್ದರೆ ಬೆಳ್ಳಿ. ನಿಂತ ಗೆರೆ ಕೆಂಪು, ಮಲಗಿದ ಗೆರೆ ನೀಲಿ, ಎರಡೂ ಸೇರಿ ಚೌಕಳಿಯಾದರೆ ಕಪ್ಪು. ನಮ್ಮ ಎಡ ಮೇಲಿಂದ ಬಲ ಕೆಳಕ್ಕೆ ಓರೆ ಗೆರೆ ಇದ್ದರೆ ಹಸಿರು, ಅದರ ಎದುರು ದಿಕ್ಕಿನ ಓರೆ ನೇರಳೆ. ಒಂದು ಎಚ್ಚರ: 1638ಕ್ಕಿಂತ ಹಳೇ ಕಲ್ಲಿನಲ್ಲಿ ಗೆರೆ ಕಂಡರೆ ಬಣ್ಣ ಅಂತ ಓದಬೇಡಿ. ಅದು ಶಿಲ್ಪಿಯ ಕೈಚಳಕ ಇರಬಹುದು.

ಹೆಜ್ಜೆ 2: ಒಂದು ಗುರಾಣಿಯನ್ನು ನಿಮ್ಮದಾಗಿಸಿಕೊಳ್ಳಿ

ಕರ್ನಾಟಕದಿಂದ ಹೋಗಿ ಬರಲು ಎರಡು ಒಳ್ಳೇ ಜಾಗಗಳಿವೆ. ಒಂದು, ಮೇಲೆ ಹೇಳಿದ ಗೋವಾದ ಚರ್ಚು. ಅದಕ್ಕೆ ಅಂಟಿಕೊಂಡ ಹಳೇ ಮಠದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಪೋರ್ಚುಗೀಸ್ ವೈಸ್‌ರಾಯ್‌ಗಳ ಚಿತ್ರಗಳ ಸಾಲೇ ಅಲ್ಲಿದೆ. ಚಿತ್ರಗಳಲ್ಲಿ ಅವರವರ ಲಾಂಛನವೂ ಬಣ್ಣದಲ್ಲಿರುವುದರಿಂದ ಕಲ್ಲಿನ ಗುರಾಣಿ ಜೊತೆ ಹೋಲಿಸಿ ನೋಡಲು ಅನುಕೂಲ. ಶುಕ್ರವಾರ ಮ್ಯೂಸಿಯಂಗೆ ರಜೆ. ಇನ್ನೊಂದು, ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು. 1680ರದು. ಹಳೇ ಸ್ಮಶಾನದಿಂದ ತಂದ ಸಮಾಧಿ ಕಲ್ಲುಗಳನ್ನು ಅದರ ಸುತ್ತ ಅಂಗಳದಲ್ಲಿ ಹಾಸಿದ್ದಾರೆ.

ಸವೆದ ಕಲ್ಲಿನ ಫೋಟೋ ನೇರ ಬೆಳಕಿನಲ್ಲಿ ತೆಗೆದರೆ ಏನೂ ಕಾಣುವುದಿಲ್ಲ. ಮೊಬೈಲಿನ ಫ್ಲ್ಯಾಶ್ ಆರಿಸಿ. ಜೊತೆಗಿರುವವರ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಲ್ಲಿ, ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಿಡಿಸಿ. ಕೆತ್ತನೆಯ ಒಂದೊಂದು ಅಂಚೂ ನೆರಳು ಬಿಟ್ಟು ಎದ್ದು ನಿಲ್ಲುತ್ತೆ. ಟಾರ್ಚ್ ಸುತ್ತ ತಿರುಗಿಸುತ್ತ ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಸಿಂಹದ ಬಾಲ ಇನ್ನೊಂದರಲ್ಲಿ ಸಿಗುತ್ತೆ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಸೀಮೆಸುಣ್ಣ ಬಳಿಯುವುದು, ಹಿಟ್ಟು ತುಂಬುವುದು, ನೀರು ಸುರಿಯುವುದು ಖಂಡಿತ ಬೇಡ. ಕಲ್ಲು ಹಾಳಾಗುತ್ತೆ. ಟಾರ್ಚ್ ಹಚ್ಚುವ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಪೂಜೆ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ.

ಮನೆಗೆ ಬಂದ ಮೇಲೆ ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ: ಎಲ್ಲಿ, ಯಾವ ದಿನ, ಯಾವ ಕಲ್ಲು, ಓದಲು ಸಿಕ್ಕ ಅಕ್ಷರಗಳು ಇದ್ದ ಹಾಗೇ, ನಿಮ್ಮ ಬ್ಲೇಜನ್, ಅನುಮಾನ ಇರುವ ಜಾಗ. ಯಾರ ಲಾಂಛನ ಅಂತ ಊಹೆ ಮಾಡಿ ಬರೆಯಬೇಡಿ. ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ.

ಹೆಜ್ಜೆ 3: ಯಾವ ಸಂಘ?

ನಿಮ್ಮ ಆಸಕ್ತಿ ಯಾವ ದೇಶದ ಕಡೆಗಿದೆ ಅನ್ನುವುದರ ಮೇಲೆ ಆರಿಸಿ. ಭಾರತದ ಬ್ರಿಟಿಷ್ ಸಮಾಧಿಗಳು, ಸಂಸ್ಥಾನಗಳ ಲಾಂಛನಗಳು ನಿಮ್ಮ ವಿಷಯವಾದರೆ ಇಂಗ್ಲೆಂಡಿನ ಹೆರಾಲ್ಡ್ರಿ ಸೊಸೈಟಿ ಒಳ್ಳೇ ಆಯ್ಕೆ. ಮೊದಲ ಸಲ ಸೇರುವವರಿಗೆ ನಾನು ಹೇಳುವುದು ಇದನ್ನೇ, ಯಾಕೆಂದರೆ ಅಲ್ಲಿ ಹಂತ ಹಂತದ ಪರೀಕ್ಷೆಗಳಿವೆ. ಸ್ಕಾಟ್ಲೆಂಡಿನ ಸಂಘ 1977ರದು.

ಕೆನಡಾದಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ರಾಯಲ್ ಹೆರಾಲ್ಡ್ರಿ ಸೊಸೈಟಿ ಆಫ್ ಕೆನಡಾ ನೋಡಬೇಕು. 1966ರಲ್ಲಿ ಶುರುವಾದ ಸಂಘ ಇದು. ಆಗ ಕೆನಡಾದವರು ಲಾಂಛನ ಬೇಕೆಂದರೆ ಲಂಡನ್ನಿಗೋ ಎಡಿನ್‌ಬರೋಗೋ ಬರೆಯಬೇಕಿತ್ತು. ನಮ್ಮ ದೇಶಕ್ಕೆ ನಮ್ಮದೇ ಕಚೇರಿ ಬೇಕು ಅಂತ ಈ ಸಂಘದವರು ವರ್ಷಗಟ್ಟಲೆ ಪಟ್ಟು ಹಿಡಿದರು. 1988ರ ಪ್ರಾಧಿಕಾರದ ಹಿಂದೆ ಅವರ ಶ್ರಮ ಇದೆ. ಹವ್ಯಾಸಿಗಳ ಗುಂಪು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೇ ಉದಾಹರಣೆ ಗೊತ್ತಿಲ್ಲ.

ಅಮೆರಿಕದಲ್ಲಿ ಲಾಂಛನ ಕೊಡುವ ಸರ್ಕಾರಿ ಕಚೇರಿ ವ್ಯಕ್ತಿಗಳಿಗೆ ಇಲ್ಲ. ಹಾಗಾಗಿ ಖಾಸಗಿ ಸಂಸ್ಥೆಗಳೇ ದಾಖಲಿಸುತ್ತವೆ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿಯ ಹೆರಾಲ್ಡ್ರಿ ಸಮಿತಿ 1864ರಿಂದ ಇದೆ. ಅಮೆರಿಕನ್ ಹೆರಾಲ್ಡ್ರಿ ಸೊಸೈಟಿ 2003ರದು. ಜರ್ಮನ್ ಬರುವವರಿಗೆ ಬರ್ಲಿನ್ನಿನ ‘ಹೆರೋಲ್ಡ್’ ಸಂಘ (1869), ವಿಯೆನ್ನಾದ ಆಡ್ಲರ್ (1870), ಸ್ವಿಟ್ಜರ್ಲೆಂಡಿನ ಸಂಘ (1891) ಇವೆ. ಆ ಭಾಗದಲ್ಲಿ ರೈತರಿಗೂ ಕಸುಬುದಾರರಿಗೂ ಲಾಂಛನ ಇತ್ತು. ಲಾಂಛನ ಅಂದರೆ ಶ್ರೀಮಂತರದ್ದು ಮಾತ್ರ ಅನ್ನುವ ಕಲ್ಪನೆ ಅಲ್ಲಿನ ಪತ್ರಿಕೆಗಳನ್ನು ನೋಡಿದರೆ ಹೋಗುತ್ತೆ.

ಹೆಜ್ಜೆ 4: ಸೇರುವುದು

ಅರ್ಜಿ ಸಂಘದ ವೆಬ್‌ಸೈಟಿನಲ್ಲೇ ಇರುತ್ತೆ. ಅದನ್ನು ತುಂಬುವ ಮೊದಲು ಕಾರ್ಯದರ್ಶಿಗೆ ಒಂದು ಚಿಕ್ಕ ಇಮೇಲ್ ಬರೆಯಿರಿ. ನೀವು ಯಾರು, ಎಲ್ಲಿಯವರು ಅಂತ ಎರಡು ಸಾಲು. ಆಮೇಲೆ ನೀವು ಓದಿದ ಆ ಗುರಾಣಿಯ ಒಂದು ಫೋಟೋ, ನಿಮ್ಮ ಬ್ಲೇಜನ್, ಒಂದೇ ಒಂದು ಪ್ರಶ್ನೆ. ‘ಹೆರಾಲ್ಡ್ರಿ ಬಗ್ಗೆ ತಿಳಿಸಿ’ ಅಂತ ಬರೆದರೆ ಏನು ಉತ್ತರ ಕೊಡಬೇಕು ಅಂತ ಅವರಿಗೂ ತೋಚುವುದಿಲ್ಲ. ‘ಈ ಕಲ್ಲಿನ ಮೂರನೇ ಭಾಗದಲ್ಲಿರುವುದು ತೋಳವೋ ಸಿಂಹವೋ’ ಅಂತ ಕೇಳಿ. ಇಂಥ ಪ್ರಶ್ನೆಗೆ ಮನಸ್ಸಿಟ್ಟು ಉತ್ತರ ಬರೆಯುವ ಜನ ಈ ಸಂಘಗಳಲ್ಲಿದ್ದಾರೆ.

ಇಮೇಲಿನಲ್ಲೇ ಕೇಳಿಕೊಳ್ಳಬೇಕಾದ್ದು: ಭಾರತದ ಸದಸ್ಯರಿಗೆ ಅಂಚೆ ವೆಚ್ಚ ಬೇರೆ ಇದೆಯಾ? ಪತ್ರಿಕೆ ಪಿಡಿಎಫ್‌ನಲ್ಲಿ ಸಿಗುತ್ತಾ? ಉಪನ್ಯಾಸಗಳನ್ನು ಆನ್‌ಲೈನ್‌ನಲ್ಲಿ ನೋಡಬಹುದಾ, ರೆಕಾರ್ಡಿಂಗ್ ಸಿಗುತ್ತಾ? ಲಂಡನ್ನಿನ ಸಂಜೆ ನಮಗೆ ನಡುರಾತ್ರಿಯ ಹೊತ್ತು. ರೆಕಾರ್ಡಿಂಗ್ ಇಲ್ಲದಿದ್ದರೆ ಕಷ್ಟ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯಾ ಅಂತಲೂ ಕೇಳಿ. ಚಂದಾ ಕಟ್ಟುವ ದಿನ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ, ಕಟ್ಟಿದ ಮೇಲೆ ಆಫ್ ಮಾಡಿ.

ಹೆಜ್ಜೆ 5: ಮೊದಲ ವರ್ಷ

ಹಳೇ ಸಂಚಿಕೆಗಳನ್ನು ಓದಿ. ಇಷ್ಟ ಬಂದ ಕಡೆ ತೆಗೆದು ಓದಿದರೂ ಸಾಕು. ಸಂಘದಲ್ಲಿ ಪ್ರಾಥಮಿಕ ಪರೀಕ್ಷೆ ಇದ್ದರೆ ಹೆಸರು ಕೊಡಿ. ದಿನಕ್ಕೊಂದು ಬ್ಲೇಜನ್ ಓದಿ ಪೆನ್ಸಿಲಿನಲ್ಲಿ ಬರೆಯುವುದು ಅದಕ್ಕೆ ಒಳ್ಳೇ ತಯಾರಿ. ಚಿತ್ರ ಚೆನ್ನಾಗಿ ಬರಬೇಕಂತಿಲ್ಲ. ಸಿಂಹ ನಡೆಯುತ್ತಿದೆಯೋ, ಹಿಂಗಾಲಿನ ಮೇಲೆ ಎದ್ದು ನಿಂತಿದೆಯೋ ಅನ್ನುವುದು ಸರಿಯಿರಬೇಕು. ನಡೆಯುವ ಸಿಂಹ ಪ್ಯಾಸೆಂಟ್, ಎದ್ದು ನಿಂತದ್ದು ರ‍್ಯಾಂಪೆಂಟ್.

ಆಮೇಲೆ ನಿಮ್ಮ ಕೊಡುಗೆ. ಇಲ್ಲಿರುವ ನಮ್ಮ ಕೈಗೆ ಸಿಗುವುದು ಅಲ್ಲಿನವರಿಗೆ ಸುಲಭವಾಗಿ ಸಿಗುವುದಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ನಡೆದ ದರ್ಬಾರಿಗೆ ದೇಶೀ ರಾಜರಿಗಾಗಿ ಲಾಂಛನದ ಬಾವುಟಗಳನ್ನು ಮಾಡಿಸಿದರು. ವಿನ್ಯಾಸ ಮಾಡಿದವರು ಬಂಗಾಳದ ಸಿವಿಲ್ ಸರ್ವೀಸಿನ ರಾಬರ್ಟ್ ಟೇಲರ್ ಅನ್ನುವ ಅಧಿಕಾರಿ. ಯುರೋಪಿನ ಗುರಾಣಿಯೊಳಗೆ ನಮ್ಮ ಚಿಹ್ನೆಗಳನ್ನು ಕೂರಿಸಿದ ದೊಡ್ಡ ಪ್ರಯತ್ನ ಅದು. ಆದರೆ ಚಿಹ್ನೆಗಳು ಅದಕ್ಕಿಂತ ಎಷ್ಟೋ ಹಳೆಯವು. ಬಳ್ಳಿಗಾವಿಯ ಗಂಡಭೇರುಂಡ ಕಂಬ 1047ರದು. ಕೆಳದಿಯ ದೇವಸ್ಥಾನದ ಚಾವಣಿಯಲ್ಲೂ ಗಂಡಭೇರುಂಡ ಇದೆ. ಅದೇ ಹಕ್ಕಿ ಮೈಸೂರು ಅರಸರ ಲಾಂಛನವಾಯ್ತು, ಇವತ್ತು ರಾಜ್ಯದ ಲಾಂಛನದಲ್ಲಿದೆ. ಇವುಗಳ ಒಳ್ಳೇ ಫೋಟೋ, ಅಳತೆ, ಸುತ್ತಲಿನ ಶಾಸನದ ಪಾಠ ಇಟ್ಟುಕೊಂಡು ಎರಡು ಪುಟದ ಟಿಪ್ಪಣಿ ಬರೆದು ಸಂಪಾದಕರಿಗೆ ಕಳಿಸಿ. ಒಂದು ಮಾತು ನೆನಪಿರಲಿ: ಗಂಡಭೇರುಂಡವನ್ನು ‘ಎರಡು ತಲೆಯ ಹದ್ದು’ ಅಂತ ಬರೆಯಬೇಡಿ. ಅದಕ್ಕೆ ಅದರದೇ ಹೆಸರು, ಅದರದೇ ಕಥೆ ಇದೆ. ಬ್ಲೇಜನ್ನಿನಲ್ಲೂ ಗಂಡಭೇರುಂಡ ಅಂತಲೇ ಬರಲಿ.

ಮೋಸ ಹೋಗಬೇಡಿ

ಮಂಗಳೂರಿನ ನನ್ನ ಗೆಳೆಯನ ಮನೆಯ ಹಾಲ್‌ನಲ್ಲಿ ಒಂದು ಮರದ ಫಲಕ ಇತ್ತು. ಅವನದು ಲೋಬೋ ಮನೆತನ. ಪೋರ್ಚುಗೀಸಿನಲ್ಲಿ ಲೋಬೋ ಅಂದರೆ ತೋಳ, ಫಲಕದ ಗುರಾಣಿಯಲ್ಲೂ ತೋಳಗಳು. ‘ನಮ್ಮ ಕುಟುಂಬದ ಲಾಂಛನ’ ಅಂತ ಕೆಳಗೆ ಬರೆದಿತ್ತು. ಆನ್‌ಲೈನ್ ಅಂಗಡಿಯೊಂದರಲ್ಲಿ ಹೆಸರು ಕೊಟ್ಟು, ಒಳ್ಳೇ ದುಡ್ಡು ಕೊಟ್ಟು ತರಿಸಿದ್ದು. ಅವನ ಅಜ್ಜಿ ಅದನ್ನು ನೋಡಿ, ‘ನಮಗೆ ಈ ಹೆಸರು ಬಂದಿದ್ದು ದೀಕ್ಷಾಸ್ನಾನದಲ್ಲಿ ಮಗಾ, ರಕ್ತದಲ್ಲಲ್ಲ’ ಅಂದರಂತೆ. ಸರಿಯಾದ ಮಾತು. ಕರಾವಳಿಯ ಕ್ರೈಸ್ತ ಮನೆತನಗಳಿಗೆ ಪೋರ್ಚುಗೀಸ್ ಹೆಸರು ಬಂದಿದ್ದು ಮತಾಂತರದ ಹೊತ್ತಿನಲ್ಲಿ. ಲಾಂಛನ ಹೆಸರಿಗೆ ಸೇರುವುದಿಲ್ಲ, ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ ಸೇರುತ್ತೆ. ಡಿಸೋಜಾ, ಪಿಂಟೋ, ಸ್ಮಿತ್, ಯಾವ ಹೆಸರಿಗಾದರೂ ಇದೇ ಮಾತು. ಅಡ್ಡಹೆಸರಿಗೆ ಲಾಂಛನ ಮಾರುವ ಅಂಗಡಿಯಿಂದ ದೂರ ಇರಿ.

ಚಂದಾ ಕಟ್ಟಿದ ಕೂಡಲೇ ನೈಟ್, ಬ್ಯಾರನ್ ಅಂತ ಬಿರುದು ಕೊಡುವ ‘ಸಂಘ’ಗಳೂ ಇವೆ. ನಿಜವಾದ ಆಸಕ್ತರ ಸಂಘ ಬಿರುದು ಮಾರುವುದಿಲ್ಲ. ಹಾಗೆಯೇ ಖಾಸಗಿ ಸಂಸ್ಥೆಯಲ್ಲಿ ಲಾಂಛನ ನೋಂದಾಯಿಸಿದರೆ ಸಿಗುವುದು ದಾಖಲೆ ಅಷ್ಟೇ, ರಾಜಮುದ್ರೆಯ ಅಧಿಕಾರ ಅಲ್ಲ. ಇದನ್ನು ತಿಳಿದುಕೊಂಡು ನೋಂದಾಯಿಸಿದರೆ ತಪ್ಪಿಲ್ಲ.

ಬೇರೆಯವರ ಲಾಂಛನವನ್ನು ಚೆನ್ನಾಗಿದೆ ಅಂತ ಸುಮ್ನೆ ಎತ್ತಿಕೊಳ್ಳಬೇಡಿ. ಮ್ಯಾಂಚೆಸ್ಟರಿನ ಒಂದು ನಾಟಕಶಾಲೆ ನಗರದ ಲಾಂಛನವನ್ನು ತನ್ನ ಪರದೆಯ ಮೇಲಿನ ಪಟ್ಟಿಯಲ್ಲೂ ಮೊಹರಿನಲ್ಲೂ ಹಾಕಿಕೊಂಡಿತ್ತು. 1954ರಲ್ಲಿ ನಗರಸಭೆ ಲಾಂಛನದ ವ್ಯಾಜ್ಯ ಕೇಳುವ ಇಂಗ್ಲೆಂಡಿನ ಹಳೇ ನ್ಯಾಯಾಲಯ ಕೋರ್ಟ್ ಆಫ್ ಶಿವಲ್ರಿಗೆ ಹೋಯ್ತು. ಆ ನ್ಯಾಯಾಲಯ 1737ರಿಂದ ಕೂತೇ ಇರಲಿಲ್ಲ! ಗೆದ್ದಿದ್ದು ನಗರಸಭೆ.

ನಿಮ್ಮೂರಲ್ಲೇ ಒಂದು ಗುಂಪು

ನಾಲ್ಕೈದು ಜನ ಸಿಕ್ಕರೆ ತಿಂಗಳಿಗೊಂದು ಭಾನುವಾರ ಸೇರಿ. ನೋಂದಣಿ ಬೇಕು ಅನ್ನಿಸಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಮಾಡಿಸಬಹುದು. ಕನಿಷ್ಠ ಏಳು ಜನ ಬೇಕು. ಹಣ ಕೈಬದಲಾಗುವವರೆಗೆ ಅದರ ಅವಸರ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಗುಂಪಿಗೊಂದು ಲಾಂಛನ ಬೇಕು ಅಂತ ಎಲ್ಲರಿಗೂ ಮೊದಲ ದಿನವೇ ಆಸೆಯಾಗುತ್ತೆ. ಸಾರನಾಥದ ಸಿಂಹಗಳನ್ನು ಮಾತ್ರ ಮುಟ್ಟಬೇಡಿ. ರಾಷ್ಟ್ರಲಾಂಛನದ ದುರ್ಬಳಕೆಗೆ 2005ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಆಗಬಹುದು. ರಾಜ್ಯದ ಲಾಂಛನದಲ್ಲೂ ಅವೇ ಸಿಂಹಗಳಿವೆ, ಹಾಗಾಗಿ ಅದನ್ನೂ ನಕಲು ಮಾಡಬೇಡಿ. ನಿಮ್ಮೂರಿನ ಒಂದು ಗಿಡ, ಒಂದು ಹಕ್ಕಿ, ಒಂದು ಉಪಕರಣ ಸಾಕು. ಒಂದು ಲೋಹ, ಒಂದು ಬಣ್ಣ. ಮೊದಲು ಬ್ಲೇಜನ್ ಬರೆಯಿರಿ, ಎಲ್ಲರೂ ಒಪ್ಪಿದ ಮೇಲೆ ಚಿತ್ರ.

ಮೊದಲ ಭೇಟಿಗೆ ಮೈಸೂರು ಚೆನ್ನಾಗಿರುತ್ತೆ. ಅರಮನೆಯ ಮಹಾದ್ವಾರದ ಕಮಾನಿನ ಮೇಲೆ ಸಂಸ್ಥಾನದ ಲಾಂಛನ ಇದೆ, ‘ನ ಬಿಭೇತಿ ಕದಾಚನ’ ಅನ್ನುವ ಧ್ಯೇಯವಾಕ್ಯದ ಜೊತೆ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಿ ಅದರ ಲಾಂಛನ ನೋಡಿ. ಅಲ್ಲಿಯೂ ಗಂಡಭೇರುಂಡ, ಅಲ್ಲಿಯೂ ಅಕ್ಕಪಕ್ಕ ಸೊಂಡಿಲಿನ ಸಿಂಹಗಳು. ಎರಡನ್ನೂ ಎಲ್ಲರೂ ಬೇರೆ ಬೇರೆ ಕೂತು ಬ್ಲೇಜನ್ ಮಾಡಿ, ಆಮೇಲೆ ಸೇರಿ ಓದಿ. ಒಂದು ನೋಟ್‌ಬುಕ್, ಪೆನ್ಸಿಲ್, ಇದ್ದರೆ ಒಂದು ಬೈನಾಕ್ಯುಲರ್ ತಗೊಂಡು ಹೋಗಿ. ಕಮಾನು ಎತ್ತರದಲ್ಲಿದೆ.